ಹಳೆಯ ಅನಿಮೇಷನ್ ಸೆಲ್‌ಗೆ ದಾವಣಗೆರೆಯಲ್ಲಿ ಕಟ್ಟು ಹಾಕಿಸಬಹುದೇ?

ಚಿಕ್ಕಪ್ಪ ಅಮೆರಿಕದಿಂದ ತಂದ 1970ರ ದಶಕದ ಕಾರ್ಟೂನ್ ಸೆಲ್‌ನ (ಕಾರ್ಟೂನ್ ಚಿತ್ರಕ್ಕಾಗಿ ಕೈಯಲ್ಲಿ ಬಣ್ಣ ಹಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಬಣ್ಣ ಬಿರುಕು ಬಿಟ್ಟಿದೆ, ಹಿಂದೆ ಕಾಗದ ಅಂಟಿಕೊಂಡಿದೆ, ಇಲ್ಲೇ ಸರಿಮಾಡಿಸಿ ಕಟ್ಟು (ಫ್ರೇಮ್) ಹಾಕಿಸಬಹುದೇ ಎಂದು ಕೇಳಿದ್ದೀರಿ. ಕಟ್ಟು ಧಾರಾಳವಾಗಿ ಹಾಕಿಸಿ. ಸರಿಮಾಡಿಸುವ ಮಾತು ಮಾತ್ರ ಬೇಡ. ನಾನೂ ದಾವಣಗೆರೆಯಲ್ಲಿ ಕಟ್ಟು ಹಾಕುವ ಕೆಲಸದವನೇ, ನಮ್ಮವರ ಉತ್ಸಾಹ ಬಲ್ಲೆ. ಬಣ್ಣ ಎದ್ದ ಕಡೆ ಪೋಸ್ಟರ್ ಬಣ್ಣ ಬಳಿದು ಹೊಸದು ಮಾಡಿಕೊಡುತ್ತಾರೆ. ಅಲ್ಲಿಗೆ ಅದರ ಬೆಲೆಯೂ ಹೋಯಿತು.

ಸೆಲ್‌ನಲ್ಲಿ ರೇಖೆ ಮುಂದೆ, ಬಣ್ಣ ಮಾತ್ರ ಮೈಸೂರಿನ ಹಳೆಯ ಗಾಜಿನ ಚಿತ್ರಗಳ ಹಾಗೆ ಹಿಂದೆ. ಆದರೆ ಗಾಜು ಕುಗ್ಗುವುದಿಲ್ಲ. ನಿಮ್ಮದು ಬಹುಶಃ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಹಾಳೆ. ಅದು ಕಾಲ ಕಳೆದಂತೆ ಕುಗ್ಗಿ ಡೊಂಕಾಗುತ್ತದೆ, ಒಣಗಿದ ಬಣ್ಣ ಅದರೊಡನೆ ಬಾಗಲಾರದೆ ಸಿಡಿಯುತ್ತದೆ. ಭಾರ ಹೇರಿ ಸಪಾಟು ಮಾಡಹೋದರೆ ಇನ್ನಷ್ಟು ಉದುರುತ್ತದೆ. ಅಂಟಿದ ಕಾಗದವನ್ನು ಎಳೆದರೆ ಬಣ್ಣವೂ ಕಾಗದದ ಜೊತೆಗೇ ಬರುತ್ತದೆ. ಡಿಸ್ನಿಯ ಸೆಲ್‌ಗಳನ್ನು ಪರೀಕ್ಷಿಸಿದ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು, ಅಳತೆಯ ತೇವದಲ್ಲಿ ಇಟ್ಟರೆ ಎದ್ದ ಬಣ್ಣ ಮತ್ತೆ ಹಾಳೆಗೆ ಕೂರಬಲ್ಲದು ಎಂದು ತೋರಿಸಿದ್ದಾರೆ. ಅದನ್ನು ಓದಿ ಇಡ್ಲಿ ಪಾತ್ರೆಯ ಹಬೆಗೆ ಹಿಡಿದೀರಿ, ಜೋಕೆ! ಆ ಕೆಲಸ ಪ್ರಯೋಗಾಲಯದ್ದು. ಬೆಂಗಳೂರಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಮೊದಲು ಫೋಟೊ ಕಳುಹಿಸಿ ಕೇಳಿ.

ಮೂಸಿಯೂ ನೋಡಿ. ವಿನೆಗರ್‌ನಂತಹ ಹುಳಿ ವಾಸನೆ ಇದ್ದರೆ ಹಾಳೆಯೇ ಕೊಳೆಯುತ್ತಿದೆ ಎಂದರ್ಥ. ಆ ಆಮ್ಲ ಪಕ್ಕದ ಸೆಲ್‌ಗಳನ್ನೂ ಕೆಡಿಸುತ್ತದೆ. ಅಂಥದ್ದಕ್ಕೆ ಕಟ್ಟು ಬೇಡ, ಗಾಳಿಯಾಡುವಂತೆ ಬೇರೆಯಾಗಿ ಇಡಿ.

ವಾಸನೆ ಇಲ್ಲದಿದ್ದರೆ ಅಂಗಡಿಯವರಿಗೆ ಬಿಡಿಸಿ ಹೇಳಿ. ದೇವರ ಪಟಕ್ಕೆ ಮಾಡುವಂತೆ ಗಾಜನ್ನು ಚಿತ್ರಕ್ಕೆ ಒತ್ತಿ, ಹಿಂದೆ ಹಾರ್ಡ್‌ಬೋರ್ಡ್ ಇಟ್ಟು ಮೊಳೆ ಹೊಡೆದರೆ ನಮ್ಮೂರಿನ ಏಪ್ರಿಲ್ ಸೆಕೆಗೆ ಬಣ್ಣ ಹಿಂದಿನ ಹಲಗೆಗೆ ಅಂಟಿಬಿಡುತ್ತದೆ. ಗಾಜಿಗೂ ಹಾಳೆಗೂ ನಡುವೆ ಕಾಲು ಇಂಚು ಜಾಗ ಬರುವಂತೆ ಒಳಪಟ್ಟಿ ಕೊಡಿಸಿ. ಹಿಂದೆ ಇಡಲು ಆಮ್ಲರಹಿತ ಮೌಂಟ್ ಬೋರ್ಡ್ (ದಪ್ಪ ರಟ್ಟು) ಇಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ತರಿಸಿ. ಉಳಿತಾಯ ಮಾಡುವುದಿದ್ದರೆ ಹೊರಗಿನ ಕಟ್ಟಿನಲ್ಲಿ ಮಾಡಿ. ಟೇಪ್, ಫೆವಿಕಾಲ್, ಲ್ಯಾಮಿನೇಷನ್ ಯಾವುದೂ ಬೇಡ, ಆಲ್ಬಮ್ಮಿನ ಫೋಟೊ ಮೂಲೆಗಳಂಥ ಪಾಲಿಯೆಸ್ಟರ್ ಮೂಲೆಗಳಲ್ಲಿ ಹಾಳೆಯನ್ನು ಸಿಕ್ಕಿಸಿದರೆ ಸಾಕು. ಪಡುವಣ ಗೋಡೆ, ಅಡುಗೆಮನೆಯ ಗೋಡೆ ಎರಡನ್ನೂ ಬಿಟ್ಟು ತೂಗುಹಾಕಿ.

ಹಾಳೆಯ ಅಂಚಿನಲ್ಲಿ ಸಾಲಾಗಿರುವ ತೂತುಗಳು ಚಿತ್ರೀಕರಣದಲ್ಲಿ ಹಾಳೆಗಳನ್ನು ಒಂದೇ ಜಾಗದಲ್ಲಿ ಕೂರಿಸಲು ಮಾಡಿದ್ದು. ನೋಡಲು ಚೆನ್ನಾಗಿಲ್ಲವೆಂದು ಅಂಗಡಿಯ ಹುಡುಗರು ಅವನ್ನು ಕತ್ತರಿಸಿ ಎಸೆಯುತ್ತಾರೆ. ಅಳತೆ ಹಿಡಿಯುವಾಗ ಎದುರಿಗೇ ನಿಂತಿರಿ.