ಜಾಮೀನು ಸಿಕ್ಕಿದೆ, ಜಾಮೀನುದಾರರು ಸಿಗುತ್ತಿಲ್ಲ

ಅಕ್ಕ, ನಿಮ್ಮ ತಮ್ಮನಿಗೆ ಜಾಮೀನು ಮಂಜೂರಾಗಿ ಎರಡು ತಿಂಗಳಾದರೂ ಪಹಣಿ ಇರುವ ಇಬ್ಬರು ಜಾಮೀನುದಾರರು ಸಿಗದೆ ಆತ ಒಳಗೇ ಇದ್ದಾನೆ, ಏನು ಮಾಡಲಿ ಎಂದು ಕೇಳಿದ್ದೀರಿ. ಓದಿ ಹೊಟ್ಟೆ ಉರಿಯಿತು. ಬಡವನಾಗಿರುವುದೊಂದೇ ಅವನ ಬಿಡುಗಡೆಗೆ ಅಡ್ಡಿ.

ಮೊದಲು, ನ್ಯಾಯಾಲಯದ ಬಾಗಿಲಲ್ಲಿ ದುಡ್ಡಿಗೆ ಜಾಮೀನು ನಿಲ್ಲುತ್ತೇವೆ ಎನ್ನುವವರ ಸಹವಾಸ ಬೇಡ. ನಕಲಿ ಪಹಣಿ ಕೊಟ್ಟರೆ ಹೊಸ ಪ್ರಕರಣ ಮೈಮೇಲೆ ಬರುತ್ತದೆ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ನಿಮ್ಮ ತಮ್ಮನಂಥವರಿಗಾಗಿಯೇ ನಿರ್ದೇಶನಗಳನ್ನು ಕೊಟ್ಟಿದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು, ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳು ಕಳೆದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಬೇಡ ಎಂಬ ಸಲಹೆಯೂ ಅದರಲ್ಲಿದೆ.

ನಾಳೆಯೇ ಜಾಮೀನು ಆದೇಶದ ಪ್ರತಿಯೊಂದಿಗೆ ಪ್ರಾಧಿಕಾರದ ಕಚೇರಿಗೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೇಳುವುದು ಇದನ್ನೇ. ಹೋಗಲಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಜಾಮೀನುದಾರರಿಲ್ಲದೆ, ತಮ್ಮನೇ ಬರೆದುಕೊಡುವ ವೈಯಕ್ತಿಕ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಅರ್ಜಿ ಹಾಕಿಸಿ. ನಿಮ್ಮ ರೇಷನ್ ಕಾರ್ಡ್, ತಮ್ಮನ ದುಡಿಮೆಯ ವಿವರ ಜೊತೆಗಿರಲಿ.

ನಮ್ಮ ಊರಿನ ಗಾರೆ ಕೆಲಸದ ಹುಡುಗನೊಬ್ಬ ಹೀಗೆಯೇ ಹೊರಬಂದ. ಮಡಚಿ ಮಡಚಿ ಹರಿದುಹೋಗಿದ್ದ ಆದೇಶದ ಪ್ರತಿ ಆಗಲೂ ಅವನ ತಾಯಿಯ ಸೆರಗಿನ ಗಂಟಿನಲ್ಲಿತ್ತು. ಅರ್ಜಿ ಹಾಕಿದ ಮೇಲೆ ಏನಾಯಿತೆಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.