ಗೆದ್ದದ್ದು ಪುಡಿಯೋ, ಇಲಿಯೋ?

ಈ ತಿಂಗಳ ಪತ್ರಗಳಲ್ಲಿ ಒಂದು ಸ್ವಲ್ಪ ಖಾರವಾಗಿತ್ತು. ಬರೆದವರು ಮೂಳೆ ಗ್ರಾಫ್ಟ್ (ಹೋದ ಮೂಳೆಯ ಜಾಗ ತುಂಬಲು ಹಾಕುವ ಮೂಳೆ ಅಥವಾ ಪುಡಿಯಂಥ ವಸ್ತು) ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿನಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಇಲಿಯ ಬುರುಡೆಯಲ್ಲಿ ತೂತು ಕೊರೆದು, ಅದಕ್ಕೆ ಗ್ರಾಫ್ಟ್ ಪುಡಿ ತುಂಬಿ, ಮೂಳೆ ಬೆಳೆಯುತ್ತದಾ ಅಂತ ನೋಡುವುದು ಅವರ ಕೆಲಸ. ಪತ್ರದ ತಿರುಳು ಇಷ್ಟು:

“ಇಲಿಯ ತಲೆಬುರುಡೆಯಲ್ಲಿ ಮೂಳೆ ಬೆಳೆಸುವುದು ದೊಡ್ಡ ಸಾಧನೆಯೇನಲ್ಲ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದಿ ಬೇಜಾರಾಯಿತು. ನಾನು ಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಎಲ್ಲರೂ ನೇರವಾಗಿ ಕುರಿಯಲ್ಲೇ ಶುರು ಮಾಡೋಕೆ ಆಗುತ್ತಾ? ಅಷ್ಟು ಜಾಗ, ದುಡ್ಡು, ಅರಿವಳಿಕೆ ಕೊಡುವವರು ಎಲ್ಲಿಂದ ಬರಬೇಕು? ಇಲಿ ಇಲ್ಲದಿದ್ದರೆ ಒಂದು ಗ್ರಾಫ್ಟೂ ರೋಗಿಯ ತನಕ ಬರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಬರೆಯುವವರಿಗೆ ಇದೆಲ್ಲ ಗೊತ್ತಾಗಲ್ಲ.”

ಕುರ್ಚಿಯಲ್ಲೇ ಕೂತು ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಿ.

ನಿಮ್ಮ ಮಾತಿನಲ್ಲಿರುವ ನಿಜವನ್ನು ಮೊದಲೇ ಒಪ್ಪಿಬಿಡುತ್ತೇನೆ. ಇಲಿ ಚಿಕ್ಕದು, ಸಾಕುವುದು ಸುಲಭ, ಬೇಗ ಫಲಿತಾಂಶ ಸಿಗುತ್ತದೆ. ಸುಂಡಿಲಿಯಾದರೆ ಬೇಕಾದ ಜೀನ್ ತೆಗೆದು ಏನಾಗುತ್ತದೆ ಅಂತ ನೋಡಬಹುದು. ರೋಗನಿರೋಧಕ ಶಕ್ತಿ ಕುಂದಿದ ನ್ಯೂಡ್ ಮೌಸ್‌ಗೆ ಮನುಷ್ಯರ ಜೀವಕೋಶ ಹಾಕಿದರೂ ಅದರ ದೇಹ ಹೊರಗೆ ತಳ್ಳುವುದಿಲ್ಲ. ಇದನ್ನೆಲ್ಲ ಕುರಿಯಲ್ಲಿ ಮಾಡೋಕೆ ಆಗಲ್ಲ, ಸರಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಮ್ಮ ಪರವಾಗಿ ನಾನೇ ಒಂದು ಕತೆ ಹೇಳುತ್ತೇನೆ. 1960ರ ದಶಕದ ಕೊನೆಯಲ್ಲಿ ಲ್ಯಾರಿ ಹೆಂಚ್ ಅನ್ನುವವರು ಹೊಸ ಬಗೆಯ ಗಾಜು ಮಾಡಿ, ಅದರ ಚೂರುಗಳನ್ನು ಇಲಿಯ ತೊಡೆಮೂಳೆಯಲ್ಲಿ ಇಡಿಸಿದರು. ಆರು ವಾರ ಕಳೆದ ಮೇಲೆ ಸರ್ಜನ್ ಫೋನ್ ಮಾಡಿ ದೂರಿದರು: ಎಷ್ಟು ಎಳೆದರೂ ಚೂರು ಮೂಳೆಯಿಂದ ಆಚೆ ಬರುತ್ತಿಲ್ಲ. ಬಯೋಗ್ಲಾಸ್ ಹುಟ್ಟಿದ್ದು ಹಾಗೆ. ಅದಕ್ಕೂ ಮೊದಲು, 1950ರ ದಶಕದಲ್ಲಿ, ಬ್ರೋನೆಮಾರ್ಕ್ ಎಂಬ ಸ್ವೀಡನ್ನಿನ ವೈದ್ಯರು ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡಲು ಟೈಟಾನಿಯಂನ ಸಣ್ಣ ಕೊಳವೆ ಕೂರಿಸಿದ್ದರು. ಅದೂ ಹೊರಗೆ ಬರಲಿಲ್ಲ. ಇವತ್ತು ಹಲ್ಲಿನ ಇಂಪ್ಲಾಂಟ್ ಅಂತ ಹಾಕಿಸಿಕೊಳ್ಳುತ್ತೇವಲ್ಲ, ಅದರ ಬೇರು ಅಲ್ಲಿದೆ. ಇನ್ನೂ ಹಿಂದಕ್ಕೆ ಹೋದರೆ 1668ರ ಒಂದು ಪುಸ್ತಕ ಸಿಗುತ್ತದೆ. ವಾನ್ ಮೀಕರೆನ್ ಎಂಬ ಡಚ್ ಶಸ್ತ್ರವೈದ್ಯರದು. ರಷ್ಯಾದ ಸೈನಿಕನೊಬ್ಬನ ತಲೆಬುರುಡೆಯ ತೂತನ್ನು ನಾಯಿಯ ಬುರುಡೆಯ ತುಂಡಿನಿಂದ ಮುಚ್ಚಿದ ಕತೆ ಅದರಲ್ಲಿದೆ. ಚರ್ಚಿನವರು ನಾಯಿ ಮೂಳೆ ಇಟ್ಟುಕೊಂಡವನನ್ನು ಒಳಗೆ ಸೇರಿಸಲ್ಲ ಅಂದರಂತೆ. ಅವನು ವಾಪಸ್ ಬಂದು ತೆಗೆಯಿರಿ ಅಂದನಂತೆ. ಅಷ್ಟರಲ್ಲಿ ಅದು ಬೆಸೆದು ಹೋಗಿತ್ತಂತೆ.

ಈ ಕ್ಷೇತ್ರದ ಮೂರು ಒಳ್ಳೆಯ ಕತೆಗಳೂ “ಆಚೆ ಬರ್ತಿಲ್ಲ” ಅನ್ನುವ ಗೊಣಗಾಟವೇ, ಅಲ್ವಾ? ನಾನು ಹೇಳಬೇಕಿರುವುದೂ ಇಲ್ಲೇ ಇದೆ. ಮೂಳೆ ಈ ವಸ್ತುವನ್ನು ಸೇರಿಸಿಕೊಳ್ಳುತ್ತದಾ, ದೂರ ತಳ್ಳುತ್ತದಾ? ಈ ಪ್ರಶ್ನೆಗೆ ಇಲಿ ಚೆನ್ನಾಗಿಯೇ ಉತ್ತರ ಕೊಡುತ್ತದೆ. ನೀವು ಕೇಳುತ್ತಿರುವ ಪ್ರಶ್ನೆ ಬೇರೆ. ತಾನಾಗಿ ಎಂದೂ ತುಂಬದ ತೂತನ್ನು ನನ್ನ ಪುಡಿ ತುಂಬಿಸಿತಾ ಅನ್ನುವುದು ನಿಮ್ಮ ಪ್ರಶ್ನೆ. ಅದಕ್ಕೆ ಮೊದಲು ಆ ತೂತು ನಿಜವಾಗಿ ತಾನಾಗಿ ತುಂಬುವುದಿಲ್ಲವಾ ಅಂತ ನೋಡಬೇಕು.

ಈ ಮಾತು ನನ್ನದಲ್ಲ. ಷ್ಮಿಟ್ಜ್ ಮತ್ತು ಹಾಲಿಂಜರ್ 1986ರಲ್ಲೇ ಬರೆದಿಟ್ಟಿದ್ದಾರೆ. ಕ್ರಿಟಿಕಲ್ ಸೈಜ್ ಡಿಫೆಕ್ಟ್ ಅಂದರೆ ಒಂದು ಜಾತಿಯ ಪ್ರಾಣಿಯ ಒಂದು ಮೂಳೆಯಲ್ಲಿ, ಆ ಪ್ರಾಣಿ ಬದುಕಿರುವ ತನಕ ತಾನಾಗಿ ವಾಸಿಯಾಗದ ಅತಿ ಚಿಕ್ಕ ಗಾಯ. ಬದುಕಿರುವ ತನಕ! ಇಲಿಯ ಬುರುಡೆಗೆ 8 ಮಿಲಿಮೀಟರ್, ಮೊಲದ ಬುರುಡೆಗೆ 15 ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಇಲಿಗೆ 5 ಸಾಕು, ಒಂದೇ ಬುರುಡೆಯಲ್ಲಿ ಎರಡು ತೂತು ಮಾಡಬಹುದು ಅನ್ನುವವರೂ ಇದ್ದಾರೆ. ಕಾಲಿನಂಥ ಉದ್ದ ಮೂಳೆಗಾದರೆ ಮೂಳೆಯ ಅಗಲದ ಒಂದೂವರೆಯಿಂದ ಎರಡೂವರೆ ಪಟ್ಟು. ಈ ಅಂಕಿಗಳನ್ನು ಎಲ್ಲರೂ ಹಿಂದಿನ ಪೇಪರಿನಿಂದ ಎತ್ತಿಕೊಂಡು ಬರೆಯುತ್ತಾರೆ. ಆದರೆ ಡ್ರಿಲ್ ಮಾಡುವಾಗ ಮೂಳೆಯ ಮೇಲಿನ ಪೊರೆ ಉಳಿಯಿತಾ ಹೋಯಿತಾ, ಬುರುಡೆಯೊಳಗೆ ಮಿದುಳನ್ನು ಸುತ್ತಿದ ಡ್ಯೂರಾ ಪೊರೆಗೆ ಗೀರು ಬಿತ್ತಾ, ನೀರು ಹಾಕದೆ ಕೊರೆದು ಅಂಚು ಸುಟ್ಟಿತಾ, ಇಲಿ ಎಷ್ಟು ಎಳೆಯದು, ಇವುಗಳ ಮೇಲೆ ಅದೇ 8 ಮಿಲಿಮೀಟರ್ ಬೇರೆ ಬೇರೆ ತೂತಾಗುತ್ತದೆ. ಎಳೆ ಪ್ರಾಣಿಯ ಡ್ಯೂರಾ ತಾನೇ ಮೂಳೆ ಕಟ್ಟುತ್ತದೆ. ಎಳೆ ಕೂಸುಗಳ ಬುರುಡೆಯೂ ಹಾಗೇ ತುಂಬಿಕೊಳ್ಳುತ್ತದೆ ಅನ್ನುವುದು ನಿಮಗೆ ಗೊತ್ತಿರುವ ವಿಷಯವೇ.

ಅದಕ್ಕೇ ಹೋಲಿಸಿ ನೋಡಲು, ಪುಡಿ ಹಾಕದೆ ಖಾಲಿ ಬಿಟ್ಟ ತೂತೂ ಬೇಕು. ವರ್ಷಗಳ ಹಿಂದೆ ಒಂದು ಸಮ್ಮೇಳನದಲ್ಲಿ ಒಬ್ಬ ಹುಡುಗ ಬಹಳ ಚೆಂದದ ಪೋಸ್ಟರ್ ಹಾಕಿದ್ದ. ಎಂಟನೇ ವಾರಕ್ಕೆ ಇಲಿಯ ಬುರುಡೆ ಪೂರ್ತಿ ಮುಚ್ಚಿತ್ತು. ಖಾಲಿ ಬಿಟ್ಟ ಗುಂಪಿನ ಚಿತ್ರ ಎಲ್ಲಿ ಅಂತ ಕೇಳಿದೆ. “ಅದು ಮಾಡಿಲ್ಲ ಸರ್, ಇಲಿ ಉಳಿಸೋಣ ಅಂತ” ಅಂದ. ಒಳ್ಳೆಯ ಮನಸ್ಸಿನ ಹುಡುಗ, ಬೈಯಲು ಬಾಯಿ ಬರಲಿಲ್ಲ. ಆದರೆ ಆ ಬುರುಡೆ ತಾನಾಗಿಯೇ ಮುಚ್ಚಿಕೊಂಡಿದ್ದರೆ? ಆಗ ಹೊಗಳಬೇಕಾದದ್ದು ಇಲಿಯನ್ನು, ಪುಡಿಯನ್ನಲ್ಲ.

ಇಲಿಯ ಮೂಳೆಯ ಸ್ವಭಾವವೂ ನಮ್ಮದಲ್ಲ. ನಮ್ಮ ಗಟ್ಟಿ ಮೂಳೆಯಲ್ಲಿ ಹ್ಯಾವರ್ಸಿಯನ್ ವ್ಯವಸ್ಥೆ ಇದೆ. ಹಳೆಯದನ್ನು ಸುರಂಗದಂತೆ ಕೊರೆದು ಹೊಸದನ್ನು ಸುತ್ತು ಸುತ್ತಾಗಿ ಕಟ್ಟುವ ಕೆಲಸ ಸದಾ ನಡೆಯುತ್ತಿರುತ್ತದೆ. ಇಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೂಳೆ ಉದ್ದವಾಗುವ ಜಾಗಗಳಾದ ಬೆಳವಣಿಗೆಯ ಫಲಕಗಳು ಇಲಿ ದೊಡ್ಡದಾದ ಮೇಲೂ ಬಹಳ ಕಾಲ ಮುಚ್ಚುವುದಿಲ್ಲ. ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಗ್ರಾಫ್ಟಿನ ಪಕ್ಕದ ಮನೆಯ ಉದಾಹರಣೆ ಒಂದಿದೆ. ಟೆರಿಪ್ಯಾರಟೈಡ್ ಅನ್ನುವ ಮೂಳೆ ಸವೆತದ ಔಷಧ. ಇಲಿಗಳಿಗೆ ಸುಮಾರು 2 ವರ್ಷ, ಅಂದರೆ ಹೆಚ್ಚುಕಡಿಮೆ ಜೀವನಪೂರ್ತಿ ಕೊಟ್ಟು ನೋಡಿದಾಗ ಮೂಳೆ ಕ್ಯಾನ್ಸರ್ ಬಂತು. 1998ರಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗಳನ್ನೇ ನಿಲ್ಲಿಸಿದರು. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದಾಗ ಡಬ್ಬಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಇತ್ತು. ಅದನ್ನು ತೆಗೆದದ್ದು 2020ರಲ್ಲಿ, ಇಷ್ಟು ವರ್ಷದ ಬಳಕೆಯಲ್ಲಿ ರೋಗಿಗಳಲ್ಲಿ ಆ ಕ್ಯಾನ್ಸರ್ ಹೆಚ್ಚಾಗಿ ಕಾಣಲಿಲ್ಲ ಅಂತ. ಇಲಿ ಸುಳ್ಳು ಹೇಳಿತಾ? ಇಲ್ಲ, ತನ್ನ ಮೂಳೆಯ ಬಗ್ಗೆ ನಿಜವನ್ನೇ ಹೇಳಿತು. ಅದನ್ನು ನಮ್ಮ ಮೂಳೆಯ ಬಗ್ಗೆ ಅಂದುಕೊಂಡವರು ನಾವು.

ಗ್ರಾಫ್ಟ್ ಕಡೆಗೇ ಬಂದರೆ ಬಿಎಂಪಿ ಎಂಬ, ಮೂಳೆ ಹುಟ್ಟಿಸುವ ಪ್ರೋಟೀನಿನ ಕತೆ ಇದೆ. ಮಾರ್ಷಲ್ ಯೂರಿಸ್ಟ್ 1965ರಲ್ಲಿ ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟು, ಮೂಳೆಯೇ ಇಲ್ಲದ ಜಾಗದಲ್ಲಿ ಮೂಳೆ ಹುಟ್ಟಿಸಿ ತೋರಿಸಿದರು. ಎಂಥ ಪ್ರಯೋಗ! ನನಗೆ ಇವತ್ತಿಗೂ ಓದಿದರೆ ಖುಷಿ. ಆ ಮೂಳೆಯಲ್ಲಿದ್ದ ಪ್ರೋಟೀನೇ ಬಿಎಂಪಿ. ಆದರೆ ಅದು ಕೆಲಸ ಮಾಡುವ ಪ್ರಮಾಣ ಇಲಿಗೆ ಕಡಿಮೆ, ನಾಯಿಗೆ ಜಾಸ್ತಿ, ಕೋತಿಗೆ ಇನ್ನೂ ಜಾಸ್ತಿ. 2002ರಲ್ಲಿ ಬೆನ್ನುಮೂಳೆಗೆ ಒಪ್ಪಿಗೆ ಪಡೆದ ಬಿಎಂಪಿ-2 ಒಂದು ಮಿಲಿಲೀಟರಿಗೆ 1.5 ಮಿಲಿಗ್ರಾಂ ಇತ್ತು. ಇಲಿಗೆ ಅದರ ಸಣ್ಣ ಪಾಲು ಸಾಕು. ಅಷ್ಟು ದೊಡ್ಡ ಪ್ರಮಾಣವನ್ನು ಒಪ್ಪಿಗೆ ಇಲ್ಲದ ಕಡೆ, ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲೂ ಬಳಸಿದರು. ಊತ ಬಂದು ಉಸಿರು ಕಟ್ಟುವ ಸ್ಥಿತಿಗೆ ಹೋದವರಿದ್ದಾರೆ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯಿತು.

ಇನ್ನು ಕುರಿ. ಇಲ್ಲಿ ನಾನು ಪಕ್ಷಪಾತಿ, ಮುಚ್ಚಿಡುವುದಿಲ್ಲ. ದೊಡ್ಡ ಕುರಿಯ ತೂಕ ಮನುಷ್ಯರ ತೂಕದ ಹತ್ತಿರ. ಮನುಷ್ಯರಿಗೆ ಹಾಕುವ ಪ್ಲೇಟು, ಸ್ಕ್ರೂಗಳನ್ನೇ ಹಾಕಬಹುದು. ಮುಂಗಾಲು ಹಿಂಗಾಲುಗಳ ಮೇಲೆ ನಿಜವಾದ ಭಾರ ಬೀಳುತ್ತದೆ. ಬುರುಡೆಯ ಮೇಲೆ ಯಾರು ನಡೆಯುತ್ತಾರೆ ಹೇಳಿ? ಮೊಣಕಾಲ ಕೆಳಗಿನ ಮೂಳೆಯಲ್ಲಿ 3 ಸೆಂಟಿಮೀಟರ್ ತುಂಡು ತೆಗೆದು, ಪ್ಲೇಟು ಕೂರಿಸಿ, ಗ್ರಾಫ್ಟ್ ಹಾಕಿ ತಿಂಗಳುಗಟ್ಟಲೆ ಕಾಯುವ ಪ್ರಯೋಗ ನೋಡಿದ್ದೇನೆ. ಮಾರನೇ ದಿನವೇ ಆ ಕುರಿ ಎದ್ದು ನಿಂತು ನನ್ನನ್ನು ದುರುಗುಟ್ಟಿ ನೋಡಿತು. ವಯಸ್ಸೂ ಮುಖ್ಯ. ಎಳೆ ಕುರಿಯ ಮೂಳೆ ಪದರ ಪದರವಾಗಿರುತ್ತದೆ, ನಮ್ಮಂಥ ಹ್ಯಾವರ್ಸಿಯನ್ ರಚನೆ ಚೆನ್ನಾಗಿ ಕಾಣುವುದು ಏಳೆಂಟು ವರ್ಷ ದಾಟಿದ ಮೇಲೆ. ಕುರಿಗೂ ಕುಂದಿದೆ. ಅದರ ಮೂಳೆಯ ಒಳಗಿನ ಜಾಲರಿ ನಮ್ಮದಕ್ಕಿಂತ ದಟ್ಟ. ನಾಯಿಯ ಮೂಳೆ ಹಲವು ವಿಷಯದಲ್ಲಿ ನಮಗೆ ಇನ್ನೂ ಹತ್ತಿರ. ಆದರೆ ನಾಯಿಯ ಕಣ್ಣು ನೋಡಿಕೊಂಡು ಆ ಕೆಲಸ ಮಾಡುವುದು ಯಾರಿಗೂ ಸುಲಭವಲ್ಲ. ಹಂದಿ ತೀರಾ ದೊಡ್ಡದಾಗಿ ಬೆಳೆಯುತ್ತದೆ ಅಂತ ಮಿನಿಪಿಗ್ ತಂದರು. ಅವುಗಳ ಮಾತು ಇನ್ನೊಮ್ಮೆ.

ಈಗ ನನ್ನ ಹಳೆಯ ಸಿಟ್ಟು, ನೀವು ಕೆದಕಿದ್ದಕ್ಕೆ ಹೇಳುತ್ತಿದ್ದೇನೆ. ಪೇಪರುಗಳಲ್ಲಿ ಇರುವ ಪ್ರಾಣಿಗಳೆಲ್ಲ ಎಳೆಯವು, ಆರೋಗ್ಯವಂತವು, ಬಹುಪಾಲು ಗಂಡು. ಗ್ರಾಫ್ಟ್ ಬೇಕಾಗಿರುವ ರೋಗಿ ಯಾರು? ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಸಿಗರೇಟು ಸೇದುವವರು, ಕೀವಾಗಿ ಮೂರು ಸಲ ಆಪರೇಷನ್ ಆದವರು. ಇವರಂಥ ಇಲಿ ಎಲ್ಲಿದೆ? ಪ್ರಯೋಗ ಎಂಟು ವಾರಕ್ಕೋ ಹನ್ನೆರಡು ವಾರಕ್ಕೋ ಮುಗಿಯುತ್ತದೆ. ಯಾಕೆ ಅಂದರೆ ಥೀಸಿಸ್ ಮುಗಿಯಬೇಕು, ಮೂಳೆ ಮುಗಿಯಬೇಕಿಲ್ಲ. ಮೂಳೆಯ ಖನಿಜದಂಥದೇ ಪುಡಿಯಾದ ಹೈಡ್ರಾಕ್ಸಿಅಪಟೈಟ್ ಹಾಕಿ ಮೈಕ್ರೋ ಸಿಟಿ ಸ್ಕ್ಯಾನ್ ತೆಗೆದರೆ ಪುಡಿಯೂ ಬಿಳಿ, ಮೂಳೆಯೂ ಬಿಳಿ. ಎರಡನ್ನೂ ಕೂಡಿಸಿ ‘ಹೊಸ ಮೂಳೆ ಇಷ್ಟು ಶೇಕಡ’ ಅಂತ ಬರೆದುಬಿಡುತ್ತಾರೆ. ಮೂಳೆಯನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ತಾಳ್ಮೆ ಎಷ್ಟು ಜನಕ್ಕಿದೆ? ಇನ್ನು ಪುಡಿ ಸೋತರೆ ಆ ಪೇಪರು ಡ್ರಾಯರಿನಲ್ಲೇ ಉಳಿಯುತ್ತದೆ. ಮುಂದಿನ ಲ್ಯಾಬಿನವರು ಅದೇ ಪುಡಿಗೆ ಮತ್ತಷ್ಟು ಇಲಿ ಕೊಡುತ್ತಾರೆ. ಪ್ರಾಣಿಗಳ ಸಂಖ್ಯೆ ಇಳಿಸಿ, ನೋವು ತಗ್ಗಿಸಿ, ಬೇರೆ ದಾರಿ ಹುಡುಕಿ ಅಂತ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಹೇಳಿದ್ದು 1959ರಲ್ಲಿ. ಯಾವ ಪ್ರಾಣಿ ಯಾವ ಗುಂಪಿಗೆ ಅಂತ ಹೇಗೆ ಆರಿಸಿದಿರಿ, ಅಳೆದವರಿಗೆ ಗುಂಪು ಗೊತ್ತಿತ್ತಾ, ಎಲ್ಲ ಬರೆಯಿರಿ ಅಂತ ಅರೈವ್ ಮಾರ್ಗಸೂಚಿ 2010ರಲ್ಲೇ ಬಂತು. 2020ರಲ್ಲಿ ಅದನ್ನು ಮತ್ತೆ ತಿದ್ದಿದರು. ಸಂಖ್ಯೆ ಇಳಿಸುವುದೆಂದರೆ ಖಾಲಿ ತೂತಿನ ಗುಂಪನ್ನೇ ಕೈಬಿಡುವುದಲ್ಲ. ಉತ್ತರ ಕೊಡದ ಆರು ಇಲಿಗಿಂತ ಉತ್ತರ ಕೊಡುವ ಹನ್ನೆರಡು ಇಲಿ ಕಡಿಮೆ ಪಾಪ ಅಂತ ನನ್ನ ಲೆಕ್ಕ.

ಬರೀ ಲ್ಯಾಬಿನವರನ್ನೇ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ನಮ್ಮ ಕೈಯೂ ಶುದ್ಧವಿಲ್ಲ. ಬಹಳ ಹಿಂದೆ ನಾನೇ ಒಂದು ಶೀರ್ಷಿಕೆ ಕೊಟ್ಟಿದ್ದೆ: “ಹೋದ ಮೂಳೆ ಮತ್ತೆ ಬಂತು!” ಒಳಗಿದ್ದದ್ದು ಇಲಿಯ ಬುರುಡೆ. ಅದು ಇಲಿಯದು ಅನ್ನುವ ಮಾತು ನಾಲ್ಕನೇ ಪ್ಯಾರಾದಲ್ಲಿತ್ತು. ವಾರದೊಳಗೆ ಒಬ್ಬ ತಂದೆ ಫೋನ್ ಮಾಡಿದರು. ಮಗನ ಕಾಲಿನಲ್ಲಿ ಅಪಘಾತದಿಂದ ಒಂದಿಷ್ಟು ಮೂಳೆ ಹೋಗಿದೆ, ಸೊಂಟದಿಂದ ಮೂಳೆ ತೆಗೆದು ಹಾಕಬೇಕು ಅನ್ನುತ್ತಿದ್ದಾರೆ, ಅದರ ಬದಲು ನೀವು ಬರೆದ ಆ ಪುಡಿ ಎಲ್ಲಿ ಸಿಗುತ್ತದೆ ಸ್ವಾಮಿ, ಅಂತ. ಸೊಂಟದ ಮೂಳೆಯೇ ಇವತ್ತಿಗೂ ಒಳ್ಳೆಯದು, ಡಾಕ್ಟರು ಹೇಳಿದಂತೆ ಮಾಡಿ ಅಂದೆ. ಹಾಗಾದರೆ ಯಾಕೆ ಹಾಗೆ ಬರೆದಿರಿ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವು ಓದಿ ಬೇಜಾರು ಮಾಡಿಕೊಂಡ ವಾಕ್ಯ ಆ ಫೋನಿನಿಂದ ಹುಟ್ಟಿದ್ದು, ನಿಮ್ಮ ಮೂರು ವರ್ಷದ ಕೆಲಸವನ್ನು ನೋಡಿ ಅಲ್ಲ.

ಇಷ್ಟು ಕೋಪದಲ್ಲೂ ನೀವು ಪತ್ರದ ಕೊನೆಗೆ, ನಿಮ್ಮ ಖಾಲಿ ಗುಂಪಿನ ಎರಡು ಇಲಿಗಳ ತೂತು ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ, ಗೈಡ್ ಅವನ್ನು ಬಿಟ್ಟುಬಿಡು ಅನ್ನುತ್ತಿದ್ದಾರೆ ಅಂತ ಒಂದು ಸಾಲು ಬರೆದಿದ್ದೀರಿ. ಆ ಸಾಲಿಗಾಗಿಯೇ ಇಷ್ಟುದ್ದ ಉತ್ತರ ಬರೆದೆ. ದಯವಿಟ್ಟು ಬಿಡಬೇಡಿ. ಗೈಡ್ ಜೊತೆ ಜಗಳ ಬೇಡ, ಅವರಿಗೆ ಈ ಪುಟ ತೋರಿಸಿ ಬೈಗುಳ ನನಗೆ ವರ್ಗಾಯಿಸಿ. ಆ ಎರಡು ಇಲಿಗಳ ಸ್ಲೈಡ್ ಚಿತ್ರ ಕಳಿಸಿಕೊಡಿ, ನಿಮ್ಮ ಪುಡಿ ಗೆದ್ದಿರಲಿ ಸೋತಿರಲಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಇಟ್ಟಿರುತ್ತೇನೆ.

- ಸಂ.