ಮೊದಲು ಕುರ್ಚಿಯನ್ನು ಬುಡಮೇಲು ಮಾಡಿ

ಶಿವಮೊಗ್ಗದ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಾಲ್ಕು ಪುಟದ ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ಅತ್ತೆಮನೆಯ ಹಳೇ ತೇಗದ ಊಟದ ಮೇಜು ನಿಮ್ಮ ಪಾಲಿಗೆ ಬಂದಿದೆ, ಕುರ್ಚಿಗಳು ಬಂದಿಲ್ಲ. ಅದಕ್ಕೆ ಹಳೇ ಕಾಲದ ಲೋಹದ ಕುರ್ಚಿ ಹಾಕುವ ಆಸೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ 'ಒರಿಜಿನಲ್ ಫ್ರೆಂಚ್' ಅನ್ನುವ ತಗಡಿನ ಕುರ್ಚಿ ನಾಲ್ಕಿವೆ, ಒಂದಕ್ಕೆ 18,000 ರೂಪಾಯಿ ಹೇಳುತ್ತಿದ್ದಾರೆ. ಇನ್ನೊಂದು ಕಡೆ ದ್ರಾಕ್ಷಿ ಬಳ್ಳಿಯ ಚಿತ್ತಾರದ ಎರಕದ ಕುರ್ಚಿ ಎರಡು ನೋಡಿದ್ದೀರಿ. ಮನೆಯ ಅಟ್ಟದಲ್ಲಿ ನಿಮ್ಮ ಮಾವನವರು ಯಾವುದೋ ಕಚೇರಿಯ ಹರಾಜಿನಲ್ಲಿ ತಂದ ಸ್ಟೀಲ್ ಪೈಪಿನ ಕುರ್ಚಿ ಎರಡಿವೆ, ಬೆತ್ತ ಹರಿದಿದೆ. ಯಾವುದು ಒಳ್ಳೆಯದು, ತುಕ್ಕು ತೆಗೆಯಬೇಕೋ ಹಾಗೇ ಬಿಡಬೇಕೋ ಎಂದು ಕೇಳಿದ್ದೀರಿ. ಜೊತೆಗೆ ನಿಮ್ಮ ಯಜಮಾನರ ಮಾತು: "ಗುಜರಿಗೆ ಹಾಕೋದನ್ನ ದುಡ್ಡು ಕೊಟ್ಟು ತರ್ತೀಯಾ?"

ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ನಾನು ಒಮ್ಮೆ ಹಾಗೆ ತಳ್ಳಿಹಾಕಿ ಕೆಟ್ಟಿದ್ದೇನೆ. ಕೆಲವು ವರ್ಷಗಳ ಹಿಂದೆ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಪೈಪಿನ ಕುರ್ಚಿ ಕೊಂಡೆ. ಹೊಳಪು, ಬಾಗು, ಕೈಯಿಡುವ ಮರದ ಪಟ್ಟಿ, ಎಲ್ಲ ಚೆನ್ನಾಗಿತ್ತು. ಗೌರಿ ಹಬ್ಬದ ದಿನ ನಮ್ಮ ಸೋದರಮಾವ ಕಾಫಿ ಲೋಟ ಹಿಡಿದು ಅದರಲ್ಲಿ ಕೂತರು. ಹಿಂದಿನ ಒಂದು ಕಾಲು ಲಟಕ್ಕೆಂದು ಮುರಿದು, ಮಾವ ಗೋಡೆಗೆ ಒರಗಿಕೊಂಡರು. ಲೋಟ ಮಾತ್ರ ನೆಟ್ಟಗೆ ಹಿಡಿದಿದ್ದರು! ಆಮೇಲೆ ನೋಡಿದರೆ ಕಾಲಿನ ತುದಿಯ ರಬ್ಬರ್ ಬುಷ್ ಒಳಗೆ ಪೈಪೇ ಇರಲಿಲ್ಲ. ತುಕ್ಕಿನ ಪುಡಿ ಇತ್ತು, ಅಷ್ಟೇ.

ನಮ್ಮ ಮನೆಗಳಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ. ದಿನಾ ನೆಲ ಒರೆಸುತ್ತೇವೆ ಅಲ್ವಾ, ಆ ನೀರು ಬುಷ್ ಒಳಗೆ ಸೇರಿ ಅಲ್ಲೇ ನಿಲ್ಲುತ್ತದೆ. ಪೈಪು ಒಳಗಿಂದ ತಿಂದುಹೋಗುತ್ತದೆ, ಹೊರಗಿನ ಹೊಳಪು ಹಾಗೇ ಇರುತ್ತದೆ. ಅದಕ್ಕೇ ನನ್ನ ಒಂದೇ ಸಲಹೆ: ಯಾವ ಹಳೇ ಕುರ್ಚಿಯನ್ನೇ ಆಗಲಿ, ಕೂರುವ ಮೊದಲು ಬುಡಮೇಲು ಮಾಡಿ. ಬುಷ್ ಕಿತ್ತು ಒಳಗೆ ಟಾರ್ಚ್ ಬಿಡಿ. ಸ್ಕ್ರೂಡ್ರೈವರ್ ತುದಿಯಿಂದ ಕಾಲಿನ ಕೊನೆ, ಬೆಸುಗೆ, ರಿವೆಟ್ ಸುತ್ತ ಒತ್ತಿ. ಗಟ್ಟಿ ಲೋಹ ಜಗ್ಗುವುದಿಲ್ಲ, ಸತ್ತ ಲೋಹ ಹಪ್ಪಳದ ಹಾಗೆ ಮುರಿಯುತ್ತದೆ. ಅಂಗಡಿಯವರು ಬೇಡ ಅಂದರೆ ನಮಗೂ ಆ ಕುರ್ಚಿ ಬೇಡ.

ಈಗ ಆ 'ಫ್ರೆಂಚ್' ಕುರ್ಚಿ. ನೀವು ಕಳಿಸಿದ ಫೋಟೋ ನೋಡಿದರೆ ಅದು ಟೋಲಿಕ್ಸ್ ಕಂಪನಿಯ 'ಎ' ಕುರ್ಚಿಯ ಮಾದರಿ. ಫ್ರಾನ್ಸಿನ ಬರ್ಗಂಡಿಯ ಓಟನ್ ಊರಿನ ಝೇವಿಯೆ ಪೊಶಾರ್ ಇದನ್ನು 1934ರ ಹೊತ್ತಿಗೆ ರೂಪಿಸಿದ. ಉಕ್ಕಿನ ತಗಡನ್ನು ಕರಗಿದ ಸತುವಿನಲ್ಲಿ ಅದ್ದಿದರೆ ತುಕ್ಕು ಹತ್ತುವುದಿಲ್ಲ ಎಂಬುದು ಅವನ ಬಂಡವಾಳ. ಟೋಲಿಕ್ಸ್ ಹೆಸರನ್ನು 1927ರಲ್ಲೇ ನೋಂದಾಯಿಸಿದ್ದ. ಬೀದಿ ಬದಿಯ ಕೆಫೆಗಳಿಗೆ ಹೇಳಿ ಮಾಡಿಸಿದ ಕುರ್ಚಿ ಅದು. ರಾತ್ರಿ ಒಂದರ ಮೇಲೊಂದು ಪೇರಿಸಿಡಬಹುದು. ಕೂರುವ ಜಾಗದಲ್ಲಿ ತೂತುಗಳಿವೆಯಲ್ಲ, ಅವು ಅಲಂಕಾರಕ್ಕಲ್ಲ, ಮಳೆ ನೀರು ಇಳಿಯಲಿ ಎಂದು.

ಅದೇ ಆಕಾರದ ನಕಲುಗಳು ಈಗ ಲೋಕದ ತುಂಬ ಇವೆ. ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ನೀವು ನೋಡುವವೆಲ್ಲ ಹೆಚ್ಚುಕಮ್ಮಿ ನಕಲೇ. ನಕಲು ಎಂದರೆ ಕೆಟ್ಟದ್ದು ಅಂತಲ್ಲ, ಹೊಸದು 3–4 ಸಾವಿರಕ್ಕೆ ಸಿಗುತ್ತದೆ ಅಂತ. ಅದಕ್ಕೇ ಬಣ್ಣ ಕೆರೆದು, ಉಪ್ಪುನೀರು ಚಿಮುಕಿಸಿ ಎರಡು ಮಳೆ ಹೊಡೆಸಿದರೆ 'ಹಳೇದು' ರೆಡಿ. ನಿಜವಾದ ಬಳಕೆಯ ಸವೆತ ಇಂಥಿಂಥ ಕಡೆಯೇ ಇರುತ್ತದೆ: ಕೈ ಹಿಡಿದು ಎಳೆಯುವ ಬೆನ್ನಿನ ಮೇಲಂಚು, ತೊಡೆ ಉಜ್ಜುವ ಮುಂದಿನ ಅಂಚು, ಪೇರಿಸುವಾಗ ಒಂದಕ್ಕೊಂದು ತಾಗುವ ಕಾಲಿನ ಒಳಮೈ. ಬೆನ್ನಿನ ನಟ್ಟನಡುವೆ, ಯಾರ ಕೈಯೂ ತಾಗದ ಕಡೆ ಬಣ್ಣ ಸಮನಾಗಿ ಸವೆದಿದ್ದರೆ ಅದು ಕೆಲಸಗಾರನ ಎಮರಿ ಪೇಪರಿನ ಸವೆತ. ಬೆನ್ನಿನ ಹಿಂಬದಿಯಲ್ಲಿ ಟೋಲಿಕ್ಸ್ ಎಂಬ ಒತ್ತುಮುದ್ರೆ ಇದೆಯೇ, ಬಣ್ಣದ ಕೆಳಗೆ ಸತುವಿನ ಬೂದು ಪದರ ಕಾಣುತ್ತದೆಯೇ ನೋಡಿ. ನಿಮ್ಮ ಫೋಟೋದಲ್ಲಿ ಕೆರೆದ ಕಡೆಯೆಲ್ಲ ಕೆಂಪು ತುಕ್ಕೇ ಇದೆ, ಬೂದು ಪದರ ಎಲ್ಲೂ ಇಲ್ಲ. ಮುದ್ರೆಯೂ ಇಲ್ಲದಿದ್ದರೆ 72,000 ರೂಪಾಯಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಅದರಲ್ಲಿ ಅರ್ಧ ಗಂಟೆ ಕೂತು ನೋಡಿದ್ದೀರಾ? ಕೆಫೆಯ ಕುರ್ಚಿ ಒಂದು ಕಾಫಿಯಷ್ಟು ಹೊತ್ತಿಗೆ ಸರಿ. ನಮ್ಮಲ್ಲಿ ಊಟ ಮುಗಿದ ಮೇಲೂ ಕೈ ಒಣಗುವ ತನಕ ಮಾತು ನಡೆಯುತ್ತದೆ, ಅರ್ಧ ಜನ ಕುರ್ಚಿ ಮೇಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಈ ಕುರ್ಚಿಯಲ್ಲಿ ಅದು ಸಾಧ್ಯವೇ ಇಲ್ಲ. ಅಳತೆ ಟೇಪನ್ನೂ ಒಯ್ಯಿರಿ. ಮೇಜು 75 ಸೆಂ.ಮೀ. ಎತ್ತರ ಇದ್ದರೆ ಕೂರುವ ಎತ್ತರ 45ರ ಆಸುಪಾಸು ಇರಬೇಕು.

ದ್ರಾಕ್ಷಿ ಬಳ್ಳಿಯ ಜೋಡಿಗೆ ಒಂದು ಅಯಸ್ಕಾಂತ ಸಾಕು. ಅಂಟದಿದ್ದರೆ ಅದು ಅಲ್ಯೂಮಿನಿಯಂ, ತೀರಾ ಈಚಿನ ತೋಟದ ಸಾಮಾನು ಇರಬಹುದು. ಅಂಟಿದರೆ ಎರಕದ ಕಬ್ಬಿಣ. ಲಾಲ್‌ಬಾಗಿನ ಗಾಜಿನ ಮನೆ, ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದ ಎರಕದ ಮನೆಯಿಂದ ಬಂದವು, ನೋಡಿರುತ್ತೀರಿ. ಅಲ್ಲಿನ ಎಲೆ, ಹೂವಿನ ಅಂಚು ಎಷ್ಟು ಚೂಪಾಗಿದೆ ಅನ್ನುವುದನ್ನು ನೆನಪಿಟ್ಟುಕೊಂಡು ಇಲ್ಲಿನ ದ್ರಾಕ್ಷಿ ಗೊಂಚಲು ನೋಡಿ. ಹಳೇ ಕುರ್ಚಿಯನ್ನೇ ಅಚ್ಚಾಗಿಟ್ಟು ಹೊಸದಾಗಿ ಎರಕ ಹೊಯ್ದರೆ ಚಿತ್ತಾರ ಮಸುಕಾಗುತ್ತದೆ, ಅಳತೆಯೂ ಸ್ವಲ್ಪ ಕುಗ್ಗುತ್ತದೆ. 1842ರಿಂದ 1883ರವರೆಗೆ ಬ್ರಿಟನ್ನಿನಲ್ಲಿ ನೋಂದಾಯಿಸಿದ ವಿನ್ಯಾಸಗಳಿಗೆ ಗಾಳಿಪಟದ ಆಕಾರದ ಮುದ್ರೆ ಹಾಕುತ್ತಿದ್ದರು. ಅದು ಇದ್ದು, ಒಳಗಿನ ಅಕ್ಷರ ಓದಲು ಬಂದರೆ ಅದೃಷ್ಟ. ಮುದ್ರೆಯೇ ಕಲಸಿಹೋಗಿದ್ದರೆ ಅದೂ ಅಚ್ಚಿನ ಜೊತೆ ನಕಲಾಗಿ ಬಂದಿದ್ದಿರಬಹುದು.

ಎರಕದ ಕಬ್ಬಿಣ ಭಾರಕ್ಕೆ ಹೆದರುವುದಿಲ್ಲ, ಪೆಟ್ಟಿಗೆ ಹೆದರುತ್ತದೆ. ಬೆರಳ ಗೆಣ್ಣಿನಿಂದ ಕುಟ್ಟಿದಾಗ ಗಂಟೆಯ ಹಾಗೆ ಇಂಪಾಗಿ ಕೇಳಬೇಕು. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ, ಮತ್ತೆ ಬೆಸೆಯುವುದು ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಮೊದಲು ಚೆನ್ನಾಗಿ ಕಾಯಿಸಿ, ನಿಕ್ಕಲ್ ಕಡ್ಡಿಯಲ್ಲಿ ಬೆಸೆದು, ನಿಧಾನವಾಗಿ ಆರಿಸಬೇಕು. ಅಷ್ಟಾಗಿಯೂ ಊಟದ ಮೇಜಿಗೆ ಇದು ಬೇಡ. ದಿನಾ ಎಳೆದಾಡಿದರೆ ನಿಮ್ಮ ರೆಡ್ ಆಕ್ಸೈಡ್ ನೆಲದಲ್ಲಿ ಗೀರು ಬೀಳುವುದು ಖಂಡಿತ. ಜಗಲಿಗೆ ಬೇಕಿದ್ದರೆ ತನ್ನಿ.

ತುಕ್ಕಿನ ವಿಚಾರ. ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ತುಕ್ಕು ಚೆನ್ನಾಗಿ ಕಾಣುತ್ತದೆ (ನಮ್ಮ ಪತ್ರಿಕೆಯೂ ಆ ತಪ್ಪು ಮಾಡಿದೆ). ಆದರೆ ಮಲೆನಾಡಿನ ಅಂಚಿನಲ್ಲಿ, ಆಷಾಢದಲ್ಲಿ ಗೋಡೆಯೇ ಬೆವರುವ ಊರಿನಲ್ಲಿ, ತುಕ್ಕನ್ನು ಹಾಗೇ ಬಿಟ್ಟು ಮೇಣ ತಿಕ್ಕಿದರೆ ಒಂದು ಮಳೆಗಾಲವೂ ತಡೆಯುವುದಿಲ್ಲ. ಬಿಳಿ ಪಂಚೆ ಉಟ್ಟು ಬಂದ ನೆಂಟರ ಗತಿ ಏನು? ತುಕ್ಕು ತೆಗೆಯಿರಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಬಣ್ಣ ಹಚ್ಚಿ. ಹಿತ್ತಾಳೆಗೆ ತಿಕ್ಕುವ ಹುಣಸೆಹಣ್ಣನ್ನು ಸತು ಲೇಪದ ತಗಡಿಗೆ ಮಾತ್ರ ಹಚ್ಚಬೇಡಿ, ಹುಳಿ ಸತುವನ್ನೇ ತಿನ್ನುತ್ತದೆ.

ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ ಎಂದು ಬರೆದಿದ್ದೀರಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ ಸೀಸದ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ಒಣಗಿದ ಬಣ್ಣವನ್ನು ಮನೆಯೊಳಗೆ ಕೆರೆಯಬೇಡಿ, ಗ್ಯಾಸ್ ಬೆಂಕಿಯಲ್ಲಿ ಸುಡಿಸಲೂ ಬೇಡಿ. ಹೊರಗೆ, ಮಾಸ್ಕ್ ಹಾಕಿ, ನೀರು ಹಾಕುತ್ತಾ ಉಜ್ಜಬೇಕು. ಮಗುವನ್ನು ಆ ಕಡೆ ಬಿಡಬೇಡಿ. ಬಣ್ಣ ಎದ್ದು ಹಕ್ಕಳೆ ಬೀಳುತ್ತಿರುವ ಕುರ್ಚಿಯನ್ನು 'ಹಳೇ ಲುಕ್' ಅಂತ ಊಟದ ಮನೆಗೆ ತರುವ ಮಾತೇ ಇಲ್ಲ.

ಅಟ್ಟದ ಕುರ್ಚಿಗಳಿಗೆ ಬರೋಣ. ನೀವು ಅವನ್ನು ಪತ್ರದ ಕೊನೆಯಲ್ಲಿ, ನಾಚಿಕೆಯಿಂದ ಎಂಬಂತೆ ಬರೆದಿದ್ದೀರಿ. ನನಗೆ ಕುತೂಹಲ ಹುಟ್ಟಿಸಿದ್ದು ಅವೇ. ಉಕ್ಕಿನ ಪೈಪ್ ಬಾಗಿಸಿ ಕುರ್ಚಿ ಮಾಡಬಹುದು ಎಂದು 1925ರಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆಯಲ್ಲಿ ವಿನ್ಯಾಸಕಾರ ಮಾರ್ಸೆಲ್ ಬ್ರಾಯರ್‌ಗೆ ಹೊಳೆದದ್ದು ಸೈಕಲ್ ಹ್ಯಾಂಡಲ್ ನೋಡಿ. 1928ರಲ್ಲಿ ಅವನೇ ಪೈಪಿಗೂ ಬೆತ್ತಕ್ಕೂ ಗಂಟು ಹಾಕಿದ. ಆ ಕುರ್ಚಿ ಇವತ್ತಿಗೂ ತಯಾರಾಗುತ್ತದೆ. ನಿಮ್ಮ ಮಾವನವರ ಹರಾಜಿನ ಕುರ್ಚಿ ಅದರ ದೂರದ ನೆಂಟ. ತುಂಬಾ ಹಳೆಯದಲ್ಲದಿರಬಹುದು, ಆದರೆ ಎಲ್ಲಿಂದ ಬಂತು ಎಂಬುದು ನಿಮಗೆ ಗೊತ್ತು. ಬೆಂಗಳೂರಿನ ಆ ನಾಲ್ಕರ ಬಗ್ಗೆ ಹಾಗೆ ಹೇಳಬಲ್ಲಿರಾ?

ಬುಡಮೇಲು ಮಾಡಿ ನೋಡಿದ ಮೇಲೆ ಕಾಲು ಗಟ್ಟಿ ಇದ್ದರೆ ಮೊದಲು ಇವನ್ನೇ ಸರಿಮಾಡಿಸಿ. ಬೆತ್ತ ಹೆಣೆಯುವವರನ್ನು ಊರಿನ ಹಳೇ ಕಚೇರಿ, ಶಾಲೆಗಳಲ್ಲಿ ವಿಚಾರಿಸಿ. ಎಷ್ಟೋ ಕಡೆ ಕಣ್ಣು ಕಾಣದವರು ಬೆರಳ ತುದಿಯ ಲೆಕ್ಕದಲ್ಲೇ ಈ ಕೆಲಸ ಮಾಡುತ್ತಾರೆ, ಅಷ್ಟು ಸಮನಾಗಿ ಹೆಣೆಯುವುದು ಕಣ್ಣಿದ್ದವರಿಗೂ ಕಷ್ಟ. ಬೆತ್ತವನ್ನು ನೆನೆಸಿ ಹೆಣೆಯುತ್ತಾರೆ, ಒಣಗಿದ ಮೇಲೆ ತಾನೇ ಬಿಗಿಯುತ್ತದೆ. ಒಂದೆರಡು ದಿನ ನೆರಳಲ್ಲಿ ಬಿಡಿ, ಕೂರಲು ಅವಸರ ಬೇಡ.

ಮೇಜಿಗೆ ಬೇಕಾದ ಆರು ಕುರ್ಚಿಯೂ ಒಂದೇ ತರಹ ಇರಬೇಕೇ ಎಂದು ಕೇಳಿದ್ದೀರಿ. ಬೇಡ. ಎತ್ತರ ಒಂದೇ ಇರಲಿ, ಸಾಕು. ಉಳಿದ ನಾಲ್ಕನ್ನು ನಿಧಾನವಾಗಿ ಹುಡುಕಿ, ಅಲ್ಲಿಯವರೆಗೆ ಮಡಿಸುವ ಕುರ್ಚಿ ನಡೆಯುತ್ತದೆ.

ಹೊಸ ಬುಷ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪೈಪಿನ ಹೊರ ಅಳತೆ ಬರೆದುಕೊಂಡು ಹೋಗಿ, ಕೆಲವು ಇಂಚಿನ ಲೆಕ್ಕದಲ್ಲಿರುತ್ತವೆ. ಹಾಕುವ ಮೊದಲು ಕಾಲುಗಳನ್ನು ಮೇಲೆ ಮಾಡಿ ಒಂದು ದಿನ ಬಿಸಿಲಲ್ಲಿಟ್ಟು, ಪೈಪಿನೊಳಗೆ ಸ್ವಲ್ಪ ಪ್ರೈಮರ್ ಬಿಡಿ. ಬೆತ್ತ ಹೆಣೆಸುವ ಮೊದಲೇ ಈ ಕೆಲಸ ಮುಗಿಸಿ.